ಸೀಟಿನ ಕೆಳಗಿನ ನೀರಿನ ಕ್ಯಾನ್

ಬೆಳಗಿನ ದಟ್ಟಣೆಯಲ್ಲಿ ಟಿನ್ ಫ್ಯಾಕ್ಟರಿ ತಲುಪುವಷ್ಟರಲ್ಲಿ ಕಾರಿನ ಉಷ್ಣತೆಯ ಮುಳ್ಳು ನಡುಗೆರೆಯನ್ನು ದಾಟಿತ್ತು. ಸೇತುವೆಯ ಕೆಳಗೆ ವಾಹನಗಳು ನಿಂತಲ್ಲೇ ನಿಂತಾಗ ಅದು ಕೆಂಪು ಪಟ್ಟಿಯನ್ನು ಮುಟ್ಟಿತು. ನಾನು ಎ.ಸಿ. ಆರಿಸಿ, ಕಿಟಕಿಗಳನ್ನೆಲ್ಲ ಇಳಿಸಿ, ಹೀಟರನ್ನು ಪೂರ್ತಿ ತಿರುಗಿಸಿದೆ. ಇಂಜಿನ್ನಿನ ಬಿಸಿಯನ್ನು ಒಳಕ್ಕೆ ಎಳೆದುಕೊಂಡರೆ ಅದಕ್ಕೆ ಸ್ವಲ್ಪ ಉಸಿರು ಸಿಗುತ್ತದೆ. ಆದರೆ ಆ ಬಿಸಿ ಹೋಗಿ ತಗಲುವುದು ಒಳಗೆ ಕುಳಿತವರ ಮುಖಕ್ಕೆ. ನನ್ನ ಜೊತೆ ಕುಳಿತಿದ್ದ ಇಬ್ಬರೂ ಡಯಾಲಿಸಿಸ್‌ಗೆ ಹೊರಟವರು.

"ಏನಮ್ಮಾ, ಚಳೀಗೆ ಹಾಕೋದನ್ನ ಬ್ಯಾಸ್ಗೇಲಿ ಹಾಕಿದ್ದೀಯಲ್ಲ," ಎಂದರು ಮುಂದಿನ ಸೀಟಿನಲ್ಲಿದ್ದ ತಾತ. ಅವರು ಕೆ.ಆರ್. ಪುರದಾಚೆಯ ಹಳ್ಳಿಯವರು. ಊರು ಬಡಾವಣೆಯಾದಾಗ ಅಲ್ಲೇ ಗಾರೆ ಕೆಲಸ ಮಾಡಿದವರು. ಮನೆಯ ಗೋಡೆಯ ಮೇಲೆ ಬುದ್ಧನ ಪಟ, ಬಾಯಲ್ಲಿ ಸದಾ ಒಂದು ಕೊಂಕು.

ಬಾನೆಟ್ಟಿನ ಅಂಚಿನಿಂದ ಹಬೆ ಎದ್ದಿತು. ಕಾರನ್ನು ಎಡಕ್ಕೆ ತಿರುಗಿಸಿ ನಿಲ್ಲಿಸಿದೆ. ಹಿಂದಿನ ಸೀಟಿನಲ್ಲಿದ್ದ ಹೆಣ್ಣುಮಗಳು ಬಗ್ಗಿ, ಸೀಟಿನ ಕೆಳಗಿನಿಂದ ಐದು ಲೀಟರಿನ ಕ್ಯಾನೊಂದನ್ನು ಎಳೆದು ನನ್ನ ಮುಂದೆ ಹಿಡಿದರು.

"ಅಕ್ಕಾರೆ, ನೀರ್ ಇಲ್ಲೇ ಅದ ನೋಡ್ರಿ. ಹಾಕ್ರಿ."

"ಈಗ ಬೇಡ. ಮುಚ್ಚಳ ತೆಗೆದರೆ ಕುದಿಯೋ ನೀರು ಮುಖಕ್ಕೇ ಹಾರುತ್ತೆ," ಎಂದೆ.

ಇಬ್ಬರನ್ನೂ ಆಟೋ ಹತ್ತಿಸಿ ಕಳುಹಿಸಿದೆ. ಇಂಜಿನ್ ಆರಿದ ಮೇಲೆ ಆ ಕ್ಯಾನಿನ ನೀರನ್ನು ಸುರಿದು, ಹೇಗೋ ಕಾರನ್ನು ಇಂದಿರಾನಗರದವರೆಗೆ ತೆವಳಿಸಿದೆ. ಕಾರಿನಲ್ಲಿ ನೀರಿನ ಕ್ಯಾನ್ ಯಾಕಿತ್ತು ಎಂಬ ಪ್ರಶ್ನೆ ಅಂದು ನನಗೆ ಹೊಳೆಯಲೇ ಇಲ್ಲ.

ಆ ಹೆಣ್ಣುಮಗಳು ಕಲಬುರಗಿ ಕಡೆಯವರು. ಗಂಡನೊಡನೆ ಬಂದು, ಶೀಟು ಹೊದಿಸಿದ ಬಾಡಿಗೆ ಕೋಣೆಯೊಂದರಲ್ಲಿದ್ದು, ಮಾರತ್ತಹಳ್ಳಿಯ ಕಚೇರಿ ಕಟ್ಟಡವೊಂದರ ನೆಲಮಾಳಿಗೆ ಗುಡಿಸುತ್ತಿದ್ದರು. ಮೂತ್ರಪಿಂಡ ಸೋತ ಮೇಲೆ ಗುತ್ತಿಗೆದಾರ ಅವರನ್ನು ಒಂದು ಮಾತೂ ಇಲ್ಲದೆ ಕೆಲಸದಿಂದ ತೆಗೆದ. ಮನೆಯ ಹತ್ತಿರದ ಯಾವ ಘಟಕದಲ್ಲೂ ಉಚಿತ ಸರದಿ ಖಾಲಿ ಇರಲಿಲ್ಲ. ಸಿಕ್ಕಿದ್ದು ಕಂಟೋನ್ಮೆಂಟ್ ಕಡೆಯ ಒಂದು ಧರ್ಮಾರ್ಥ ಆಸ್ಪತ್ರೆಯಲ್ಲಿ. ಚಿಕಿತ್ಸೆಯನ್ನು ಉಚಿತವೆಂದು ಘೋಷಿಸಿ, ಅಲ್ಲಿಗೆ ತಲುಪುವ ದಾರಿಯನ್ನು ಮಾತ್ರ ರೋಗಿಯ ತಲೆಗೆ ಕಟ್ಟುವುದು ಅನ್ಯಾಯ. ಆ ಕೊರತೆಯನ್ನು ತುಂಬಲೆಂದೇ ನಮ್ಮ ಸಣ್ಣ ಆರೋಗ್ಯ ಹಕ್ಕುಗಳ ಸಂಘ, ನಿವೃತ್ತ ಶಿಕ್ಷಕಿಯೊಬ್ಬರು ದಾನ ಕೊಟ್ಟ ಹಳೆಯ ಪುಟ್ಟ ಕಾರನ್ನು ಓಡಿಸುತ್ತಿತ್ತು. ನಾವು ಐದು ಮಂದಿ ಸದಸ್ಯರು ಸರದಿಯಂತೆ ಚಾಲಕರಾಗಿದ್ದೆವು.

ಅಂದು ಆಟೋ ತಲುಪುವಾಗ ತಡವಾಗಿತ್ತು. ಘಟಕದ ಸಂಯೋಜಕರು ಇಬ್ಬರ ಯಂತ್ರಗಳನ್ನೂ ಬೇರೆಯವರಿಗೆ ಕೊಟ್ಟುಬಿಟ್ಟಿದ್ದರು. ಸಂಜೆ ಯಾವುದೋ ಖಾಲಿ ಹೊತ್ತಿನಲ್ಲಿ ಅರ್ಧ ಚಿಕಿತ್ಸೆ ಸಿಕ್ಕಿತು.

"ಮೇಡಂ, ಇದು ಒಂದು ಮಿಸ್ ಅಂತ ಬರ್ಕೊಂಡಿದೀನಿ," ಎಂದರು ಅವರು ನನಗೆ. "ಇನ್ನೊಂದು ಸಲ ಆದ್ರೆ ಸ್ಲಾಟ್ ಹೋಗುತ್ತೆ. ವೇಟಿಂಗ್‌ನಲ್ಲಿ ಎಷ್ಟು ಜನ ಇದಾರೆ ನೋಡಿ. ನಾನೇನ್ ಮಾಡ್ಲಿ ಹೇಳಿ."

ಕಾಯುತ್ತಿರುವ ರೋಗಿಯನ್ನು ತೋರಿಸಿ ಚಿಕಿತ್ಸೆ ಪಡೆಯುತ್ತಿರುವ ರೋಗಿಯನ್ನು ಹೆದರಿಸುವ ವ್ಯವಸ್ಥೆ ತಪ್ಪು ಎಂದು ಅವರಿಗೆ ನೇರವಾಗಿ ಹೇಳಿದೆ. ಅವರೂ ತಲೆಯಾಡಿಸಿದರು. ನಿಯಮ ಹಾಗೇ ಉಳಿಯಿತು. ಅಂದಿನಿಂದ ಆ ಕಾರಿನ ಆರೋಗ್ಯವೆಂದರೆ ಇಬ್ಬರ ಸರದಿ ಎಂದಾಯಿತು.

ಮೊದಲು ಹೋದದ್ದು ಇಂದಿರಾನಗರದ ಒಂದು ಸರ್ವಿಸ್ ಸೆಂಟರಿಗೆ. ಗಾಜಿನ ಕೋಣೆಯಲ್ಲಿ ಕಾಫಿ ಕೊಟ್ಟು ಕೂರಿಸಿದರು. ನಾನು ಹೇಳಿದ್ದು ಇಂಜಿನ್ ಬಿಸಿಯಾಗುತ್ತಿದೆ ಎಂಬ ಒಂದೇ ದೂರು. ಅವರು ಕೊಟ್ಟ ಅಂದಾಜಿನಲ್ಲಿ ರೇಡಿಯೇಟರ್, ಹೋಸುಗಳು, ಕ್ಲಚ್, ಮುಂದಿನ ಚಕ್ರಗಳ ಲೋವರ್ ಆರ್ಮ್, ಇಂಜಿನ್ ಮೌಂಟಿಂಗ್, ಬಾಗಿಲ ಕೆಳಗೆ ತುಕ್ಕು ಹಿಡಿದ ತಗಡು ಎಲ್ಲವೂ ಇದ್ದವು. ಹದಿನೈದು ವರ್ಷ ದಾಟಿದ ಯಾವ ಪುಟ್ಟ ಕಾರಿನಲ್ಲೂ ಇವೆಲ್ಲ ಸವೆದಿರುತ್ತವೆ, ಸುಳ್ಳಲ್ಲ. ಆದರೆ ಇಂದೇ ಮಾಡಬೇಕಾದದ್ದು ಯಾವುದು, ಮುಂದಿನ ವರ್ಷಕ್ಕೆ ಬಿಡಬಹುದಾದದ್ದು ಯಾವುದು ಎಂದು ಬೇರ್ಪಡಿಸಿ ಹೇಳಲು ಅಲ್ಲಿ ಯಾರೂ ಸಿದ್ಧರಿರಲಿಲ್ಲ. ಒಟ್ಟು ಮೊತ್ತ ಎಂಬತ್ತು ಸಾವಿರ ಮೀರಿತ್ತು. ಕಾರನ್ನು ಮಾರಿದರೆ ಅಷ್ಟು ಬರುವುದಿಲ್ಲ.

"ಮೇಡಂ, ಹಾನೆಸ್ಟಾಗಿ ಹೇಳ್ತೀನಿ, ಇದಕ್ಕೆ ದುಡ್ಡು ಸುರೀಬೇಡಿ," ಎಂದ ಅಲ್ಲಿನ ಸಲಹೆಗಾರ. "ಎಕ್ಸ್‌ಚೇಂಜ್‌ಗೆ ಹಾಕ್ಬಿಡಿ. ಹೊಸದರ ಮೇಲೆ ಒಳ್ಳೇ ಆಫರ್ ನಡೀತಿದೆ."

ಬಳಸಬಹುದಾದ ವಸ್ತುವನ್ನು ಸತ್ತಿತೆಂದು ಘೋಷಿಸಿ ಹೊಸದನ್ನು ಮಾರುವುದನ್ನು ಪ್ರಾಮಾಣಿಕತೆ ಎಂದು ಕರೆಯುವುದು ನನಗೆ ಸಹ್ಯವಾಗಲಿಲ್ಲ. ಕಾಫಿ ಮುಗಿಸಿ ಎದ್ದೆ.

ಶಿವಾಜಿನಗರದ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ಒಂದು ಗ್ಯಾರೇಜಿದೆ. ಎರಡು ಕಾರು ನಿಂತರೆ ಮೂರನೆಯದು ರಸ್ತೆಯಲ್ಲಿರಬೇಕು. ಅಲ್ಲಿನ ಯಜಮಾನರನ್ನು ಎಲ್ಲರೂ ಭಾಯ್ ಎನ್ನುತ್ತಾರೆ, ನಾನೂ ಹಾಗೆಯೇ ಕರೆದೆ. ಅವರು ರೇಡಿಯೇಟರಿನ ಬಾಯಿಗೆ ಪಂಪು ಸಿಕ್ಕಿಸಿ ಗಾಳಿಯ ಒತ್ತಡ ಕೊಟ್ಟರು. ಮೇಲಿನ ಪ್ಲಾಸ್ಟಿಕ್ ತೊಟ್ಟಿ ಲೋಹಕ್ಕೆ ಸೇರುವ ಅಂಚಿನಲ್ಲಿ ಹನಿ ಮೂಡಿತು. ಕೊಳವೆಗಳೂ ಅರ್ಧ ಕಟ್ಟಿಕೊಂಡಿದ್ದವು.

"ಗಾಡಿ ದಿನಾ ನೀರು ಕೇಳುತ್ತಾ?" ಎಂದು ಕೇಳಿದರು.

ಚಾಲಕರ ವಾಟ್ಸಾಪ್ ಗುಂಪಿನಲ್ಲಿ ಆ ಬಗ್ಗೆ ಒಂದು ಸಂದೇಶವೂ ಇರಲಿಲ್ಲ. "ಇಲ್ಲ," ಎಂದೆ.

"ಹಾಗಾದ್ರೆ ಇದೇ ಪ್ರಾಬ್ಲಮ್."

ಸುಮಾರು ಐದು ಸಾವಿರದಲ್ಲಿ ಹೊಸ ರೇಡಿಯೇಟರ್ ಕೂತಿತು. ಹಸಿರು ಕೂಲಂಟ್ ತುಂಬಿಸಿದರು. ಆಮೇಲೆ, ಕೈಯಲ್ಲಿದ್ದ ಪುಟ್ಟ ಹಿತ್ತಾಳೆಯ ಕವಾಟವೊಂದನ್ನು ತೋರಿಸಿದರು. ಇಂಜಿನ್ ತಣ್ಣಗಿರುವಾಗ ಮುಚ್ಚಿಕೊಂಡು, ಬಿಸಿಯಾದಾಗ ತೆರೆದು ನೀರನ್ನು ರೇಡಿಯೇಟರಿಗೆ ಬಿಡುವ ಥರ್ಮೋಸ್ಟಾಟ್ ಅದು.

"ಇದನ್ನ ತೆಗ್ದಾಕಿದೀನಿ ಮೇಡಂ. ಬೆಂಗಳೂರು ಟ್ರಾಫಿಕ್‌ಗೆ ಇದು ಬೇಡ. ನೀರು ಸುಮ್ನೆ ಓಡಾಡ್ತಾ ಇರ್ಲಿ."

"ಭಾಯ್, ತಯಾರು ಮಾಡಿದವರು ಸುಮ್ಮನೆ ಇಟ್ಟಿರುತ್ತಾರಾ? ಇಂಜಿನ್ ಸರಿಯಾದ ಬಿಸಿಗೆ ಬರದೇ ಓಡಿದರೆ ಸವೆಯುತ್ತೆ. ಅದು ತಪ್ಪು."

"ಅರೇ ಮೇಡಂ, ಈ ಗಲ್ಲಿನಲ್ಲಿ ಯಾವ ಗಾಡಿಗೂ ಇಲ್ಲ. ನನ್ನ ಸ್ವಂತ ಗಾಡಿಗೂ ಇಲ್ಲ. ತಪ್ಪು ಅಂದ್ರೆ ಪೂರಾ ಶಿವಾಜಿನಗರನೇ ತಪ್ಪು."

ಅಂದು ನಾನು ಸೋತೆ, ಮರುದಿನ ರೋಗಿಗಳನ್ನು ಒಯ್ಯಬೇಕಿತ್ತು. ಮುಂದಿನ ಕೆಲವು ವಾರ ಮುಳ್ಳು ಕೆಳಗೇ ಮಲಗಿತ್ತು. ನಾವೆಲ್ಲ ಅದನ್ನು ಆರೋಗ್ಯವೆಂದು ತಿಳಿದೆವು. ಕವಾಟವಿಲ್ಲದ ಇಂಜಿನ್ನಿನಲ್ಲಿ ಮುಳ್ಳು ತಡವಾಗಿ ಏಳುತ್ತದೆ. ನೀರು ಕಡಿಮೆಯಾಗುತ್ತಿರುವ ಸುದ್ದಿಯೂ ಅಷ್ಟೇ ತಡವಾಗಿ ತಲುಪುತ್ತದೆ.

ಎರಡನೆಯ ಸಲ ಕೈಕೊಟ್ಟದ್ದು ಮರಳುವಾಗ, ಹಲಸೂರು ಕೆರೆಯ ಬಳಿ. ಚಿಕಿತ್ಸೆ ಮುಗಿಸಿದ ಇಬ್ಬರೂ ತೂಕಡಿಸುತ್ತಿದ್ದರು. ಇಂಜಿನ್ ಒಂದು ಸಲ ನಡುಗಿ ನಿಂತಿತು. ಹಿಂಬದಿಯ ಕೊಳವೆಯಿಂದ ಬಿಳಿ ಹೊಗೆ ಬರುತ್ತಿತ್ತು. ಎಣ್ಣೆಯ ಮುಚ್ಚಳ ಬಿಚ್ಚಿ ನೋಡಿದರೆ ಒಳಗೆ ಹಾಲು ಬೆರೆಸಿದ ಕಾಫಿಯ ಬಣ್ಣದ ನೊರೆ. ಅದರ ಅರ್ಥ ನನಗೆ ತಿಳಿದಿತ್ತು. ಇಂಜಿನ್ನಿನ ತಲೆ ಮತ್ತು ಮೈಯ ನಡುವಿನ ಗ್ಯಾಸ್ಕೆಟ್ ಸುಟ್ಟುಹೋಗಿ ನೀರೂ ಎಣ್ಣೆಯೂ ಬೆರೆತಿದ್ದವು.

"ಗಾಡೀಗೂ ಡಯಾಲಿಸಿಸ್ ಮಾಡಿಸ್ಬೇಕು ಬಿಡು," ಎಂದರು ತಾತ, ಕಣ್ಣು ತೆರೆಯದೆ. "ನನ್ ಪಕ್ಕದ ಬೆಡ್ಡೇ ಕೇಳು. ಈಗ ಅಲ್ಲಿರೋನು ಗೊರಕೆ ಹೊಡೀತಾನೆ, ಅವ್ನಿಗಿಂತ ಇದೇ ವಾಸಿ."

ಇಬ್ಬರನ್ನೂ ಆಟೋದಲ್ಲಿ ಮನೆಗೆ ಕಳುಹಿಸಿ, ಕಾರನ್ನು ಎಳೆಸಿಕೊಂಡು ಶಿವಾಜಿನಗರಕ್ಕೆ ಹೋದೆ. ಮುಂದಿನ ಸರದಿಗೆ ಮೆಟ್ರೋ ಹಿಡಿದೆವು. ಸಾರ್ವಜನಿಕ ಸಾರಿಗೆಯ ಪರ ಎಷ್ಟೋ ಭಾಷಣ ಮಾಡಿದವಳು ನಾನು, ಇಂದಿಗೂ ಅದರ ಪರವೇ. ಹೋಗುವ ದಾರಿ ಹಿತವಾಗಿತ್ತು. ಮರಳುವ ದಾರಿ ಬೇರೆ. ಡಯಾಲಿಸಿಸ್ ಮುಗಿದ ಮೇಲೆ ರಕ್ತದೊತ್ತಡ ಕುಸಿಯುತ್ತದೆ. ಕೆ.ಆರ್. ಪುರ ನಿಲ್ದಾಣದಲ್ಲಿ ಲಿಫ್ಟಿನ ಮುಂದೆ ಉದ್ದನೆಯ ಸಾಲಿತ್ತೆಂದು ತಾತ ಮೆಟ್ಟಿಲಿಳಿಯಲು ಹೊರಟು, ನಡುವೆಯೇ ಕುಳಿತುಬಿಟ್ಟರು. ಕೊಂಕು ಮಾತೂ ಬರಲಿಲ್ಲ. ಅವರ ಹಣೆಯ ಬೆವರು ತಣ್ಣಗಿತ್ತು. ಜನ ಎರಡೂ ಬದಿಯಲ್ಲಿ ಹರಿದು ಹೋಗುತ್ತಿದ್ದರು. ಕಲಬುರಗಿಯ ಹೆಣ್ಣುಮಗಳು, ತಾನೂ ಅಷ್ಟೇ ಬಳಲಿದ್ದವರು, ಅವರ ಪಕ್ಕ ಕುಳಿತು ಸೆರಗಿನಿಂದ ಗಾಳಿ ಹಾಕಿದರು. ಹೀಗೆ ಬಹಳ ದಿನ ನಡೆಯದು ಎಂಬುದು ಆ ಮೆಟ್ಟಿಲ ಮೇಲೆ ಸ್ಪಷ್ಟವಾಯಿತು.

ಮರುದಿನ ಗ್ಯಾರೇಜಿಗೆ ಹೋದಾಗ ಭಾಯ್ ಇಂಜಿನ್ನಿನ ತಲೆಗೆ ಇನ್ನೂ ಕೈ ಹಾಕಿರಲಿಲ್ಲ. ಹೊರಗಿನಿಂದ ಬಿಚ್ಚಬಹುದಾದ ನೀರಿನ ಪಂಪನ್ನಷ್ಟೇ ತೆಗೆದು ಪತ್ರಿಕೆಯ ಹಾಳೆಯ ಮೇಲೆ ಇಟ್ಟಿದ್ದರು. ಅದರ ರೆಕ್ಕೆಗಳ ಮೇಲೆ ಬಿಳಿಯ ಹೆಕ್ಕಳೆ ದಪ್ಪಗೆ ಕಟ್ಟಿತ್ತು. ನಮ್ಮ ಕಡೆಯ ಬಚ್ಚಲುಮನೆಯ ಗೀಜರುಗಳೊಳಗೆ ಕಟ್ಟುವುದೂ ಇದೇ.

"ಇಂಜಿನ್ ಸುಣ್ಣ ತಿಂದಿದೆ ಮೇಡಂ. ಇದು ಬೋರ್ ನೀರು, ಗ್ಯಾರಂಟಿ. ಪಂಪ್ ಸೀಲ್ ನೋಡಿ, ಇಲ್ಲಿಂದ ಸಣ್ಣಗೆ ಸೋರಿದೆ. ಇವತ್ತಿಂದಲ್ಲ. ತಿಂಗಳುಗಟ್ಲೆ ಯಾರೋ ಸುರೀತಾ ಇದ್ರು." ಅವರ ದನಿ ಬಿಗಿಯಾಯಿತು. "ನಾನ್ ಕೇಳಿದ್ದೆ ಅಲ್ವಾ? ಇಲ್ಲ ಅಂದ್ರಿ. ಹೌದು ಅಂದಿದ್ರೆ ಅವತ್ತೇ ಪಂಪ್ ಬಿಚ್ತಿದ್ದೆ."

"ಮತ್ತೆ ಆ ಥರ್ಮೋಸ್ಟಾಟ್?"

ಅವರು ಸ್ವಲ್ಪ ಹೊತ್ತು ಬಟ್ಟೆಯಲ್ಲಿ ಕೈ ಒರೆಸಿಕೊಂಡರು. "ಅದು ಇದ್ದಿದ್ರೆ ಮುಳ್ಳು ಮೊದ್ಲೇ ಕೂಗ್ತಿತ್ತೇನೋ," ಎಂದರು. "ಹಾಕ್ಕೊಡ್ತೀನಿ. ಆದ್ರೆ ಹೆಡ್ ಇಳಿಸ್ಬೇಕು. ಇಪ್ಪತ್ತು, ಇಪ್ಪತ್ತೈದು ಸಾವಿರ ಆಗುತ್ತೆ. ನಿಮ್ಮೋರನ್ನ ಕೇಳಿ ಹೇಳಿ."

ನಾನು ಪಂಪನ್ನು ಅದೇ ಹಾಳೆಯಲ್ಲಿ ಸುತ್ತಿ ಸಂಘದ ಸಭೆಗೆ ಒಯ್ದೆ. ಆ ಸಭೆಗೆ ಇಬ್ಬರು ರೋಗಿಗಳನ್ನೂ ಕರೆದೆ. ಅದುವರೆಗೆ ಅವರನ್ನು ಯಾವ ಸಭೆಗೂ ಕರೆದಿರಲಿಲ್ಲ. ಹಕ್ಕುಗಳ ಸಂಘವೊಂದು ಯಾರ ಹಕ್ಕಿಗಾಗಿ ದುಡಿಯುತ್ತದೋ ಅವರನ್ನೇ ಹೊರಗಿಟ್ಟು ತೀರ್ಮಾನಿಸುತ್ತಿತ್ತು. ಇದಕ್ಕೂ ಬೇರೆ ಹೆಸರಿಲ್ಲ, ತಪ್ಪು.

ನಿವೃತ್ತ ಬ್ಯಾಂಕ್ ಉದ್ಯೋಗಿಯಾದ ನಮ್ಮ ಖಜಾಂಚಿ ಮೊದಲು ಮಾತಾಡಿದರು. "ನಾನು ಲೆಕ್ಕ ಅಷ್ಟೇ ಹೇಳ್ತೀನಿ, ಭಾವನೆ ನೀವು ಹೇಳಿ. ರೇಡಿಯೇಟರ್ ಆಯ್ತು, ಈಗ ಹೆಡ್ಡು. ನಾಳೆ ಕ್ಲಚ್ಚು. ಗುಜರಿಗೆ ಹಾಕಿ, ಕ್ಯಾಬ್ ಬುಕ್ ಮಾಡೋಣ."

"ಕ್ಯಾಬು ನಮ್ ಸಂದೀಗೆ ಬರಲ್ಲ ಸ್ವಾಮಿ," ಎಂದರು ತಾತ. "ಮ್ಯಾಪಲ್ಲಿ ನೋಡ್ಬುಟ್ಟು ಕ್ಯಾನ್ಸಲ್ ಮಾಡ್ತವೆ. ಬಂದ್ರೂ, ನಾನು ಒಂದ್ ಕಿತ ವಾಂತಿ ಮಾಡಿದ್ರೆ ಸಾಕು, ಅಲ್ಲೇ ಇಳಿಸ್ತಾನೆ."

ನಾನು ಹಾಳೆ ಬಿಚ್ಚಿ ಪಂಪನ್ನು ಮೇಜಿನ ಮೇಲಿಟ್ಟೆ. ಇದರಿಂದ ತಿಂಗಳುಗಟ್ಟಲೆ ನೀರು ಸೋರಿದೆ, ಯಾರೋ ಬೋರ್‌ವೆಲ್ ನೀರು ತುಂಬುತ್ತಲೇ ಬಂದಿದ್ದಾರೆ, ಯಾರು ಎಂದು ಕೇಳಿದೆ. ಚಾಲಕರೆಲ್ಲ ಪಂಪನ್ನೇ ನೋಡುತ್ತಿದ್ದರು.

ಆ ಮೌನ ಎಲ್ಲಿಂದ ಬಂತೆಂದು ಹೇಳಬೇಕು. ದೋಷ ಕಂಡವರೇ ಅದನ್ನು ಸರಿಪಡಿಸುವ ಹೊಣೆಯನ್ನೂ ಹೊರಬೇಕು ಎಂಬುದು ನಮ್ಮ ಸಂಘದ ಹಳೆಯ ರೂಢಿ. ಕುಳಿತಲ್ಲೇ ಟೀಕಿಸುವವರಿಗೆ ಕಡಿವಾಣವಾಗಲಿ ಎಂದು ಹಿರಿಯರು ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದರು, ನಮಗೆಲ್ಲ ಅದರ ಬಗ್ಗೆ ಹೆಮ್ಮೆಯಿತ್ತು. ಆದರೆ ಕಾರಿನ ವಿಷಯದಲ್ಲಿ ಅದರ ಅರ್ಥ ಬೇರೆಯಾಗಿತ್ತು. "ನೀರು ಕಡಿಮೆಯಾಗುತ್ತಿದೆ" ಎಂದು ಯಾರು ಹೇಳುತ್ತಾರೋ ಅವರೇ ಒಂದು ದಿನದ ಕೆಲಸ ಬಿಟ್ಟು ಗ್ಯಾರೇಜಿನಲ್ಲಿ ಕೂರಬೇಕು. ಹೇಳದೆ ಒಂದಿಷ್ಟು ನೀರು ಸುರಿದರೆ ಅಂದಿನ ಪ್ರಯಾಣ ಮುಗಿಯುತ್ತದೆ. ಮುಂದಿನ ದಿನ ಕಾರು ಬೇರೆಯವರ ಕೈಯಲ್ಲಿರುತ್ತದೆ.

ಮೊದಲು ಬಾಯಿಬಿಟ್ಟವರು ಕಲಬುರಗಿಯ ಹೆಣ್ಣುಮಗಳು.

"ನೀರ್ ನಾ ತರ್ತಿದ್ದೆ ರೀ."

ಎಲ್ಲರೂ ತಿರುಗಿದರು. ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಮುಂದುವರಿಸಿದರು. "ಒಂದಿನ ಆ ತಮ್ಮಾರು ಚಾ ಅಂಗಡ್ಯಾಗ ಗಾಡಿಗಿ ನೀರ್ ಕೇಳಿದ್ರು. ಅಂಗಡಿಯಂವ ಬೈದ. ನನಗ ಕೆಟ್ಟನಿಸ್ತು. ಅವತ್ತಿನಿಂದ ಟ್ಯಾಂಕರ್ ಬಂದಾಗ ನನ್ನ ಡ್ರಮ್ಮಿಂದ ಒಂದ್ ಕ್ಯಾನ್ ತಗದಿಡ್ತಿದ್ದೆ. ದಿನಾ ಪುಕ್ಕಟೆ ಒಯ್ತೀರಿ, ನಾ ಏನ್ ಕೊಡ್ಲಿ ನಿಮಗ? ಡಾಕ್ಟರ್ ನನಗ ನೀರ್ ಕುಡೀಬ್ಯಾಡ ಅಂತಾರ. ನನಗ ಬ್ಯಾಡಂದ ನೀರು ಗಾಡಿಗಾದ್ರೂ ಆಗ್ಲಿ ಅಂತ."

ಪ್ರತಿ ಸರದಿಗೆ ಮುಂಚೆ ಅವರನ್ನು ತೂಕದ ಯಂತ್ರದ ಮೇಲೆ ನಿಲ್ಲಿಸುವುದನ್ನು ನಾನು ನೋಡಿದ್ದೇನೆ. ಮೈಯಲ್ಲಿ ಎಷ್ಟು ನೀರು ಕೂಡಿದೆ ಎಂದು ತೂಕ ಹೇಳುತ್ತದೆ. ಹೆಚ್ಚಿದ್ದರೆ ಬೈಗುಳ. ದಿನಕ್ಕೆ ಕೆಲವೇ ಗುಟುಕು ಅವರ ಪಾಲು. ಆ ಬಾಯಾರಿಕೆಯಲ್ಲಿ ಅವರು ಐದು ಲೀಟರ್ ನೀರು ಹೊತ್ತು, ಗಲ್ಲಿಯ ತುದಿಯವರೆಗೆ ನಡೆದು ಬರುತ್ತಿದ್ದರು.

"ನಾನೂ ಹಾಕಿದೀನಿ," ಎಂದ ನಮ್ಮ ಕಿರಿಯ ಸದಸ್ಯ, ಆ 'ತಮ್ಮಾರು'. "ಹೇಳಿದ್ರೆ ರಜಾ ಹಾಕಿ ಗ್ಯಾರೇಜಿಗೆ ಹೋಗ್ಬೇಕಿತ್ತು. ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತು ಅಷ್ಟೇ." ಆಮೇಲೆ ಇನ್ನೊಬ್ಬರು. ಕೊನೆಗೆ, ಎಲ್ಲರಿಗೂ ಅಚ್ಚರಿಯಾಗುವಂತೆ, ಖಜಾಂಚಿಯೂ. ಅವರು ಮಾತ್ರ ಮನೆಯ ಶುದ್ಧ ನೀರಿನ ಯಂತ್ರದಿಂದ ತುಂಬಿದ್ದರಂತೆ. "ಅದಾದ್ರೂ ಪರವಾಗಿಲ್ವಾ?" ಎಂದು ಮೆಲ್ಲಗೆ ಕೇಳಿದರು. ಸಭೆಯಲ್ಲಿ ಮೊದಲ ಸಲ ನಗು ಎದ್ದಿತು.

ಆದರೆ ಆ ಹೆಣ್ಣುಮಗಳು ನಗಲಿಲ್ಲ. ಬಿಳಿ ಹೆಕ್ಕಳೆಯನ್ನು ಉಗುರಿನಿಂದ ಕೆರೆದು ನೋಡಿ, ನನ್ನ ಕಡೆ ತಿರುಗಿದರು. "ಅಕ್ಕಾರೆ, ಖರೇ ಹೇಳ್ರಿ. ನನ್ನ ನೀರಿಂದ ಕೆಟ್ಟದೇನ್ರಿ?"

ಇಲ್ಲ ಎನ್ನುವುದು ಸುಲಭವಿತ್ತು. ಇಡೀ ಸಭೆ ಹಾಗೆ ಹೇಳೆಂದು ನನ್ನನ್ನು ಬೇಡುವಂತೆ ನೋಡುತ್ತಿತ್ತು. ಎಲ್ಲರ ತಪ್ಪನ್ನೂ ಹೆಸರಿಸುವ ನಾನು ಬಡವರ ಮುಂದೆ ಮಾತ್ರ ಸತ್ಯವನ್ನು ಮೆದುಗೊಳಿಸಿದರೆ, ಅವರನ್ನು ಸತ್ಯ ತಾಳದವರೆಂದು ಎಣಿಸಿದಂತೆ.

"ಹೌದಮ್ಮಾ, ಆ ನೀರಿಂದ್ಲೇ. ಉಪ್ಪು, ಸುಣ್ಣ ಜಾಸ್ತಿ ಇರೋ ನೀರು. ನಿಮ್ಮ ಗಲ್ಲಿಗೆ ಕಾವೇರಿ ನೀರು ಬಂದಿದ್ರೆ ಇಷ್ಟು ಆಗ್ತಿರಲಿಲ್ಲವೇನೋ. ಆದ್ರೆ ಗಾಡಿ ಯಾಕೆ ದಿನಾ ನೀರು ಕೇಳ್ತಿದೆ ಅಂತ ವಿಚಾರಿಸ್ಬೇಕಾದೋರು ನಾವು. ನಾನೂ ಆ ದಿನ ನಿಮ್ಮ ಕೈಯಿಂದ ಇಸ್ಕೊಂಡು ಸುರಿದೆ, ಕೇಳಲಿಲ್ಲ."

ಅವರು ಉಗುರಿಗೆ ಅಂಟಿದ್ದ ಬಿಳಿ ಪುಡಿಯನ್ನು ಸೆರಗಿಗೆ ಒರೆಸಿಕೊಂಡರು. ಅಳುತ್ತಾರೆ ಎಂದುಕೊಂಡೆ.

"ಹಂಗಾದ್ರ ಯಾವ ನೀರ್ ಹಾಕ್ಬೇಕು," ಎಂದರು, "ಅದನ್ನ ಹೇಳ್ರಿ."

ತೀರ್ಮಾನ ಆದದ್ದು ಆ ಮಾತಿನಿಂದ. ಕಾರನ್ನು ಗುಜರಿಗೆ ಹಾಕುವ ಸಲಹೆಯನ್ನು ಖಜಾಂಚಿಯೇ ಹಿಂತೆಗೆದುಕೊಂಡರು. ರೂಢಿಯನ್ನು ಮುರಿದೆವು. ಇನ್ನು ಮುಂದೆ ದೋಷ ಕಂಡವರು ಹೇಳಿದರೆ ಸಾಕು, ಗ್ಯಾರೇಜಿಗೆ ಹೋಗುವುದು ಬೇರೆಯವರ ಸರದಿ. ಹೇಳುವ ಹಕ್ಕು ಚಾಲಕರಷ್ಟೇ ಪ್ರಯಾಣಿಕರಿಗೂ ಇರುತ್ತದೆ. ಕ್ಲಚ್ಚು, ತುಕ್ಕು, ಲೋವರ್ ಆರ್ಮುಗಳು ಕಾಯಲಿ. ಜೀವ ಹಿಡಿದಿಡುವ ಕೆಲಸ ಮೊದಲು.

ಇಂಜಿನ್ನಿನ ತಲೆ ಇಳಿಸಿದ ದಿನ ನಾನು ಗ್ಯಾರೇಜಿನಲ್ಲೇ ಇದ್ದೆ. ಭಾಯ್ ಅದರ ಮೇಲೆ ಉಕ್ಕಿನ ಪಟ್ಟಿಯನ್ನು ಅಡ್ಡಲಾಗಿಟ್ಟು ಬೆಳಕಿಗೆ ಹಿಡಿದರು. ನಡುವೆ ಕೂದಲೆಳೆಯಷ್ಟು ಬೆಳಕು ತೂರಿತು. ಬಿಸಿಗೆ ಲೋಹ ಬಾಗಿತ್ತು. ಪಕ್ಕದ ಬೀದಿಯ ಲೇತ್ ಅಂಗಡಿಯಲ್ಲಿ ಅದನ್ನು ಸಮತಟ್ಟಾಗಿ ಉಜ್ಜಿಸಿದೆವು. ನೀರು ಹರಿಯುವ ದಾರಿಗಳ ಹೆಕ್ಕಳೆಯನ್ನು ದ್ರಾವಣ ಹಾಕಿ ಮತ್ತೆ ಮತ್ತೆ ತೊಳೆದರು. ಹೊಸ ಗ್ಯಾಸ್ಕೆಟ್, ಹೊಸ ಪಂಪ್ ಕೂತವು. ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ, ಒಮ್ಮೆಲೇ ಬಿಗಿಯದೆ ಹಂತಹಂತವಾಗಿ ಬಿಗಿದರು. ಎಣ್ಣೆ ಬದಲಾಯಿತು. ಕೊನೆಗೆ ಹೊಸ ಥರ್ಮೋಸ್ಟಾಟನ್ನು ನನಗೆ ತೋರಿಸಿಯೇ ಒಳಗಿಟ್ಟರು.

"ನೋಡ್ಕೊಳ್ಳಿ ಮೇಡಂ, ಪೂರಾ ಶಿವಾಜಿನಗರದಲ್ಲಿ ಇದೊಂದೇ ಗಾಡಿ."

"ನಿಮ್ಮ ಗಾಡಿಗೆ ಯಾವಾಗ?"

"ನನ್ ಗಾಡಿ ಇವತ್ತಿನವರೆಗೂ ಕಂಪ್ಲೇಂಟ್ ಮಾಡಿಲ್ಲ," ಎಂದು ನಕ್ಕರು. ಅಭ್ಯಾಸಗಳು ಒಂದೇ ಇಂಜಿನ್ನಿನಿಂದ ಬದಲಾಗುವುದಿಲ್ಲ.

ಈ ಎಲ್ಲದರ ನಡುವೆ ಇಬ್ಬರನ್ನೂ ಸದಸ್ಯರು ಆಟೋಗಳಲ್ಲಿ ಕರೆದೊಯ್ದರು. ಯಾವ ಸರದಿಯೂ ತಪ್ಪಲಿಲ್ಲ. ಸಂಯೋಜಕರ ನಿಯಮ ಮಾತ್ರ ಇಂದಿಗೂ ಗೋಡೆಯ ಮೇಲಿದೆ. ಅದರ ವಿರುದ್ಧ ನಮ್ಮ ಮನವಿಯೂ ಅವರ ಮೇಜಿನ ಮೇಲಿದೆ.

ಕಾರು ಮರಳಿದ ಮೊದಲ ಬೆಳಿಗ್ಗೆ ಗಲ್ಲಿಯ ತುದಿಯಲ್ಲಿ ಆ ಹೆಣ್ಣುಮಗಳು ಕಾಯುತ್ತಿದ್ದರು. ಕೈಯಲ್ಲಿ ಅದೇ ಕ್ಯಾನ್ ಇತ್ತು. ಅದರೊಳಗೆ ಈಗ ಶುದ್ಧೀಕರಿಸಿದ ನೀರು ಬೆರೆಸಿದ ಹಸಿರು ಕೂಲಂಟ್. ಅದನ್ನು ನಾವು ಕೊಟ್ಟಿದ್ದೆವು. ಇಟ್ಟುಕೊಳ್ಳುವ ಹೊಣೆಯನ್ನು ಅವರೇ ಕೇಳಿ ಪಡೆದಿದ್ದರು. ಬಾನೆಟ್ ಎತ್ತಿಸಿ, ಪಕ್ಕದ ಬಿಳಿ ಡಬ್ಬಿಯ ಮೇಲಿನ ಎರಡು ಗೆರೆಗಳ ನಡುವೆ ಹಸಿರು ಎಲ್ಲಿ ನಿಂತಿದೆ ಎಂದು ಬಗ್ಗಿ ನೋಡಿದರು. "ಹೆಚ್ಚೂ ಇಲ್ಲ, ಕಡಿಮೀನೂ ಇಲ್ಲ," ಎಂದರು. ಹಾಕಲಿಲ್ಲ.

ಟಿನ್ ಫ್ಯಾಕ್ಟರಿಯಲ್ಲಿ ಎಂದಿನಂತೆ ನಿಂತೆವು. ಮುಳ್ಳು ನಿಧಾನವಾಗಿ ಎದ್ದು ನಡುವಿಗೆ ಬಂತು. ಮೂವರೂ ಅದನ್ನೇ ನೋಡುತ್ತಿದ್ದೆವು. ಅಷ್ಟರಲ್ಲಿ ಮುಂದುಗಡೆ ಫ್ಯಾನ್ ಗುಂಯ್ ಎಂದು ತಿರುಗತೊಡಗಿತು. ಮುಳ್ಳು ಅಲ್ಲೇ ನಿಂತಿತು.

"ಇವತ್ತು ಹೀಟರ್ ಇಲ್ವಾ?" ಎಂದರು ತಾತ. "ಅಭ್ಯಾಸ ಆಗೋಗಿತ್ತು."

ಘಟಕ ತಲುಪಿದಾಗ ಇನ್ನೂ ಹೊತ್ತಿತ್ತು. ಶುಶ್ರೂಷಕಿ ಎಂದಿನಂತೆ ತೂಕದ ಯಂತ್ರವನ್ನು ಕಾಲಿನಿಂದ ಮುಂದಕ್ಕೆ ಸರಿಸಿದರು. ಹೆಣ್ಣುಮಗಳು ಚಪ್ಪಲಿ ಬಿಟ್ಟು, ಸೆರಗು ಸಿಕ್ಕಿಸಿಕೊಂಡು ಅದರ ಮೇಲೆ ನಿಂತರು.

"ಗಾಡೀದು ನಾ ನೋಡಿ ಬಂದೀನ್ರಿ," ಎಂದರು. "ಈಗ ನಂದು ನೀವ್ ನೋಡ್ರಿ."